ಲಾಸ್ಯಳ ಇಲಿಗಳು

ಜೂನ್ 15, 2009. ಸೋಮವಾರ

ಬೆಳಿಗ್ಗೆಯೇ ಲ್ಯಾಬ್. ಪಂಜರ ಬದಲಿಸಿ ನೀರಿಟ್ಟೆ. ಈ ಇಲಿಗಳಿಗೆ ಸ್ವಂತ ರೋಗನಿರೋಧಕ ಶಕ್ತಿಯಿಲ್ಲ. ಮೈಯಲ್ಲಿ ಬೆಳೆದಿರುವುದು ನನ್ನ ತಂಗಿ ಲಾಸ್ಯಳ ರಕ್ತಕಣ. ಕಡಲೇಕಾಯಿ ತಿಂದರೆ ಅವಳಿಗೆ ತುಟಿ ತುರಿಸುತ್ತದೆ, ಅಷ್ಟೇ. 'ನಿನ್ನ ಪಿಎಚ್‌ಡಿಗೆ ನನ್ನ ರಕ್ತಾನೂ ಬೇಕಾ ಅಕ್ಕ?' ಎಂದು ನಗುತ್ತಲೇ ಕೈ ಚಾಚಿದ್ದಳು. ನಾಳೆ ಇಲಿಗಳಿಗೆ ಕಡಲೇಕಾಯಿಯ ಸಾರ ಕೊಡಬೇಕು... ಕೊಂಚವೇ.

ಜೂನ್ 16

ಕೊಟ್ಟೆವು. ಮೊದಲು ಮೂತಿ ಕೆರೆದುಕೊಂಡವು. ಆಮೇಲೆ ಮೂಲೆಗೆ ಹೋಗಿ ಮುದುಡಿದವು. ಮೈ ತಣ್ಣಗಾಗುತ್ತಾ ಬಂತು. ಸಂಜೆಗೆ ಒಂದೂ ಉಳಿಯಲಿಲ್ಲ. ಬೇರೆಯವರ ರಕ್ತವಿದ್ದ ಇಲಿಗಳು, ಅದೇ ಸಾರ ಕೊಟ್ಟರೂ, ಪಕ್ಕದ ಪಂಜರದಲ್ಲಿ ಆರಾಮಾಗಿದ್ದವು.

ಗೈಡ್ ರಾಜೇಶ್ ಸರ್‌ಗೆ ಖುಷಿ. 'ಮಾಡೆಲ್ ವರ್ಕ್ ಆಗ್ತಿದೆ ಕಣಮ್ಮ! ಮನುಷ್ಯರ ಅಲರ್ಜಿ ಇಲೀಲೂ ಬಂತು. ಪೇಪರ್ ಬರಿ.'

'ಸರ್, ಇದು ನನ್ನ ತಂಗಿ ರಕ್ತ.'

ಪೆನ್ನು ಕೆಳಗಿಟ್ಟರು. 'ಇಲಿ ಬೇರೆ, ಮನುಷ್ಯರು ಬೇರೆ. ಆದ್ರೂ... ಅವಳಿಗೆ ಹೇಳಿಬಿಡು.'

ಜೂನ್ 21, ಭಾನುವಾರ

ಕೆಸರೆಗೆ ಹೋಗಿದ್ದೆ, ಲಾಸ್ಯಳ ಅತ್ತೆಮನೆಗೆ. ಇಲಿಗಳ ವಿಷಯ ಕೇಳಿ ಅವಳು ಹೆದರಿದಳು. ಇನ್ನು ಕಡಲೇಕಾಯಿ ಮುಟ್ಟಲ್ಲ ಎಂದಳು. ಅತ್ತೆ ನೀಲಮ್ಮನವರು ಮಾತ್ರ ಒಪ್ಪಲಿಲ್ಲ.

'ಇಲಿ ಸತ್ತಿದ್ದಕ್ಕೆ ನನ್ ಸೊಸೆ ತಿನ್ನೋದ್ ಬುಡ್ಬೇಕಾ? ಎಲ್ಲ ಅಭ್ಯಾಸ ಕಣಮ್ಮ.'

ಡಾಕ್ಟರಿಗೆ ತೋರಿಸಿ ಎಂದೆ. 'ನೋಡಣ' ಎಂದು ಕಾಫಿ ಕೊಟ್ಟರು.

ಜುಲೈ 12, ಭಾನುವಾರ

ಲಾಸ್ಯಳಿಗೆ ಫೋನ್ ಮಾಡಿದೆ. ಇನ್ನೂ ಡಾಕ್ಟರ ಹತ್ತಿರ ಹೋಗಿಲ್ಲವಂತೆ. ದನಿ ಗೊಗ್ಗರಾಗಿತ್ತು.

'ದಿನಾ ತುಟಿ ತುರಿಸ್ತಿದೆ ಅಕ್ಕ. ಕಡಲೇಕಾಯಿ ಮುಟ್ಟೇ ಇಲ್ಲ, ಆಣೆಗೂ.'

ಮತ್ತೆ ಯಾಕೆ? ಮಧ್ಯಾಹ್ನವೇ ಬರುತ್ತೇನೆ ಎಂದೆ. ಉಳಿದ ಇಲಿಗಳಿಗೆ ನೀರಿಟ್ಟು ಹೊರಡಬೇಕು.

ಅದೇ ದಿನ, ಸಂಜೆ — ಆಸ್ಪತ್ರೆ

ನಾನು ಹೋಗುವಷ್ಟರಲ್ಲಿ ಅಡುಗೆಮನೆಯಲ್ಲಿ ಕುಸಿದಿದ್ದಳು. ಮುಖ ಊದಿತ್ತು. ಉಸಿರಾಡಿದರೆ ಸಿಳ್ಳೆಯಂಥ ಸದ್ದು. ಆಟೋದಲ್ಲಿ ತಲೆ ನನ್ನ ತೊಡೆಯ ಮೇಲೆ... ಕರೆದರೆ ಉತ್ತರವಿಲ್ಲ. ಇಲ್ಲಿ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟ ಮೇಲೆ ಕಣ್ಣು ಬಿಟ್ಟಳು. 'ಅಕ್ಕ' ಎಂದಳು.

ನೀಲಮ್ಮನವರು ಹೊರಗೆ ಬೆಂಚಿನ ಮೇಲೆ ಅಳುತ್ತಿದ್ದಾರೆ. 'ದಿನಾ ಪಲ್ಯಕ್ಕೆ ಚೂರೇ ಚೂರು ಕಡಲೇಕಾಯಿ ಪುಡಿ ಹಾಕ್ತಿದ್ದೆ. ಒಗ್ಗಿಹೋಗ್ಲಿ ಅಂತ. ಇವತ್ತು ಜಾಸ್ತಿ ಆಗ್ಬುಡ್ತು ಕಣಮ್ಮ...'

ಡಾಕ್ಟರ್ ನಿಂತೇ ಹೇಳಿದರು. 'ಈ ರಾತ್ರಿ ಕಳೀಲಿ. ಇಳಿದ ಹಾಗೆ ಕಂಡು ಕೆಲವರಿಗೆ ಮತ್ತೆ ಏರುತ್ತೆ.'

ಈಗ ನಿದ್ದೆ ಮಾಡುತ್ತಿದ್ದಾಳೆ. ಮಂಚದ ಪಕ್ಕ ಕೂತೇ ಬರೆಯುತ್ತಿದ್ದೇನೆ. ಮುಖದ ಊತ ಇಳಿದಿದೆ. ಕುತ್ತಿಗೆಯ ಹತ್ತಿರ ಕೆಂಪು ದದ್ದು... ಸ್ವಲ್ಪ ಹೊತ್ತಿನ ಮುಂಚೆ ಇರಲಿಲ್ಲ. ಎದೆಯ ಮೇಲೂ. ನರ್ಸನ್ನು ಕರೆಯಬೇ—