ಹಿಂದೂಪುರದ ದೋಣಿಗೆ ಹಾಯಿ

ಕಲ್ಯಾಣದುರ್ಗ,
೨೩-೧೧-೧೯೪೯

ಪ್ರೀತಿಯ ತಮ್ಮ ಶಿವಯೋಗನಿಗೆ, ಅಕ್ಕ ಗುರುಶಾಂತಮ್ಮನ ಆಶೀರ್ವಾದಗಳು.

ನಿನ್ನ ಕೆಮ್ಮು ಹೇಗಿದೆ? ಬೊಂಬಾಯಿಯ ಉಪ್ಪುಗಾಳಿ ನಿನ್ನ ಎದೆಗೆ ಒಗ್ಗುವುದಿಲ್ಲವೆಂದು ಹೋದ ಸಲವೇ ಹೇಳಿದ್ದೆ. ನಾನು ಕಳಿಸಿದ ಮೆಣಸಿನ ಕಷಾಯದ ಪುಡಿಯನ್ನು ಡಬ್ಬಿಯಲ್ಲಿಟ್ಟು ಪೂಜೆ ಮಾಡದೆ ರಾತ್ರಿ ಕುಡಿದು ಮಲಗು. ನಿನ್ನ ಭಾವನವರ ಮಂಡಿನೋವು ಹಾಗೇ ಇದೆ. ಈ ಸಲ ಮಳೆ ಚೆನ್ನಾಗಿ ಬಂತು, ಕೆರೆಗಳೆಲ್ಲ ತುಂಬಿವೆ, ಕಡಲೆಕಾಯಿ ಕಿತ್ತು ಮುಗಿಯಿತು. ಇಷ್ಟು ಒಳ್ಳೆಯ ಸುದ್ದಿ. ಮಗಳು ಭ್ರಮರಾಂಬನ ಮದುವೆಗೆ ಯಾವಾಗ ರಜೆ ಕೇಳಲಿ ಎಂದು ಬರೆದಿದ್ದೀಯಲ್ಲ, ಕೇಳಬೇಡ. ಆ ಸಂಬಂಧ ಮುರಿದುಬಿತ್ತು. ನೀನು ನೊಂದುಕೊಳ್ಳುತ್ತೀಯೆಂದು ಇಷ್ಟು ದಿನ ತಿಳಿಸಿರಲಿಲ್ಲ.

ಹಿಂದೂಪುರದ ಬೆಲ್ಲದ ಮಂಡಿ ಅಮರೇಶಪ್ಪನವರು ಹೆಂಡತಿ, ಮಗನನ್ನು ಕರೆದುಕೊಂಡು ವೀಳ್ಯಶಾಸ್ತ್ರಕ್ಕೆ ಬಂದರು. ನೀನು ಕಳಿಸಿದ್ದ ಜಮಖಾನವನ್ನೇ ಹಾಸಿದ್ದೆವು. ಅದಕ್ಕೆ ನುಸಿಗುಳಿಗೆಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ, ನಾನೇ ಮೂಸಿ ನೋಡಿ ಹಾಸಿದ್ದು. ಎಲೆ ಹಾಕಿ ಹೋಳಿಗೆ ಬಡಿಸುವ ಹೊತ್ತಿಗೆ ಆ ಮನುಷ್ಯ ಮೂಗು ಮುಚ್ಚಿಕೊಂಡು ಎದ್ದು ನಿನ್ನ ಭಾವನವರ ಕಡೆ ತಿರುಗಿದ. "ನಿನ್ನ ಬಾಮೈದ ಹಡಗುಕಟ್ಟೇಲಿ ಮೀನು ಹಿಡಿಯೋರ ಜತೆ ಉಂಡು ಮಲಗೋನಂತೆ ಕಣಪ್ಪ ಲಿಂಗಣ್ಣ. ಈ ಮನೇಲಿ ಮೀನು ವಾಸ್ನೆ ಹೊಡೀತೈತೆ. ನಾವು ಹೋಯ್ತೀವಿ" ಎಂದ. ಅವನ ಹೆಂಡತಿ ಸೆರಗು ಮೂಗಿಗೆ ಹಿಡಿದು "ಪದಂಡಿ, ಪೋದಾಂ", ನಡೀರಿ ಹೋಗೋಣ ಎಂದು ತೆಲುಗಿನಲ್ಲಿ ಅವಸರಪಡಿಸಿದಳು. ಮಗ ಎಂಬುವವನು ತಲೆ ತಗ್ಗಿಸಿಕೊಂಡು ಚಪ್ಪಲಿ ಹುಡುಕಿದ. ಆಮೇಲೆ ತಿಳಿಯಿತು, ತುಮಕೂರಿನಿಂದ ದೊಡ್ಡವರ ಮನೆಯ ಹೆಣ್ಣು ಬಂದಿತ್ತಂತೆ. ನಮ್ಮನ್ನು ಬಿಡುವುದಕ್ಕೆ ಒಂದು ನೆಪ ಬೇಕಿತ್ತು, ಮೀನು ಸಿಕ್ಕಿತು.

ಆ ಮಾತು ನಮ್ಮ ಹೊಸ್ತಿಲಲ್ಲೇ ಉಳಿಯಲಿಲ್ಲ. ಸೆಟ್ಟೂರಿನಿಂದ ಬರಬೇಕಾಗಿದ್ದವರು ಬರಲಿಲ್ಲ, ಬ್ರಹ್ಮಸಮುದ್ರದವರು ಜಾತಕ ಹಿಂದಕ್ಕೆ ಕಳಿಸಿದರು. ನಿನ್ನ ಸೊಸೆ ಭ್ರಮರಾಂಬ ಈಗ ಯಾರಾದರೂ ಬಂದರೆ ಅಡುಗೆಮನೆಯಿಂದ ಹೊರಗೆ ಬರುವ ಮುಂಚೆ ತನ್ನ ಸೆರಗನ್ನು ತಾನೇ ಮೂಸಿ ನೋಡಿಕೊಳ್ಳುತ್ತಾಳೆ. ಆ ಮನುಷ್ಯನನ್ನು ನಾನು ಕ್ಷಮಿಸುವುದಿಲ್ಲ ಶಿವಯೋಗಾ, ಶರಣರು ಏನೇ ಹೇಳಿರಲಿ.

ಇಷ್ಟೆಲ್ಲ ಆದಮೇಲೆ ಅದೇ ಅಮರೇಶಪ್ಪನಿಗೆ ನಿನ್ನಿಂದಲೇ ಕೆಲಸವಾಗಬೇಕಾಗಿದೆ. ಕೆರೆ ಕೆಲಸಕ್ಕೆ ಬಂದಿದ್ದ ಬಿಳಿ ಇಂಜಿನಿಯರು ವಿಲಾಯಿತಿಗೆ ಹೋಗುವಾಗ ತನ್ನ ಪುಟ್ಟ ಹಾಯಿದೋಣಿಯನ್ನು ಅವನಿಗೆ ಬಿಟ್ಟುಹೋಗಿದ್ದಾನೆ. ಹಾಯಿಯನ್ನು ಬೆಲ್ಲದ ಗೋಡೌನಿನಲ್ಲಿ ಮಡಿಸಿಟ್ಟ ಜಾಣ ಇವನು, ಇಲಿಗಳು ಸುಮ್ಮನಿರುತ್ತವೆಯೇ? ಈಗ ಬರುವ ಮಾಘದ ಹುಣ್ಣಿಮೆಗೆ ತುಮಕೂರಿನ ಬೀಗರು ನಿಶ್ಚಿತಾರ್ಥಕ್ಕೆ ಬರುತ್ತಾರಂತೆ, ಅವರನ್ನು ದೋಣಿಯಲ್ಲಿ ಕೂರಿಸಿ ಊರೆಲ್ಲ ನೋಡುವಂತೆ ಕೆರೆ ಸುತ್ತಿಸಬೇಕಂತೆ. ಹಳೆಯ ಹಾಯಿಯೊಂದನ್ನು ನೀನು ಕೆಲಸ ಮಾಡುವ ಪಾರ್ಸಿ ಸಾಹುಕಾರರ ಹಡಗು ಸಾಮಾನಿನ ಅಂಗಡಿಯಿಂದ ತರಿಸಿಕೊಡಿ ಎಂದು ನಿನ್ನ ಭಾವನವರಿಗೆ ಹೇಳಿಕಳಿಸಿದ್ದಾನೆ. ಇವರು ಆಗಲಿ ಎಂದುಬಿಟ್ಟರು. ಇವರ ಸ್ವಭಾವ ನಿನಗೆ ಗೊತ್ತಲ್ಲ, ಕೆನ್ನೆಗೆ ಹೊಡೆದವನಿಗೆ ಕೈ ನೋಯಿತೇ ಎಂದು ಕೇಳುವವರು.

ಅವನು ಕಳಿಸಿದ ಅಳತೆ ನೋಡಿ ನಕ್ಕೆ. ದೋಣಿಯ ತಳದಿಂದ ಕಂಬದ ತುದಿಯವರೆಗೆ ಅಳೆಸಿ, ಇನ್ನೂ ದೊಡ್ಡದಿದ್ದರೆ ದೊಡ್ಡದೇ ಬರಲಿ ಎಂದಿದ್ದಾನೆ. ಹಳೆಯ ಹಾಯಿ ಕೊಳ್ಳುವಾಗ ಅಳತೆ, ಹೊಲಿಗೆ, ಹಿಂದೆ ಯಾವ ದೋಣಿಗೆ ಕಟ್ಟಿದ್ದು ಎಂಬುದನ್ನೆಲ್ಲ ವಿಚಾರಿಸಬೇಕೆಂದು ನೀನು ಜಗಲಿಯಲ್ಲಿ ಕೂತು ಹೇಳಿದ್ದು ನನಗೆ ನೆನಪಿದೆ. ಹಾಯಿ ಅತಿಯಾದರೆ ಗಾಳಿಗೆ ದೋಣಿ ಮಗುಚುತ್ತದೆ ಎಂದೂ ನೀನೇ ಹೇಳಿದ್ದೆ. ಸುಳ್ಳೇಕೆ, ಅವನ ಅಳತೆಯನ್ನೇ ಕಳಿಸಿಬಿಡೋಣ ಎಂದು ಒಂದು ಗಳಿಗೆ ಅನ್ನಿಸಿತು. ನಿನ್ನ ಭಾವನವರು ನನ್ನ ಮುಖ ನೋಡಿಯೇ ತಿಳಿದುಕೊಂಡರು. "ಅಳ್ತೇಲಿ ಮೋಸ ಮಾಡ್ಬುಟ್ರೆ ಜನ ಮುಳುಗೋಯ್ತಾರೆ ಕಣೆ. ಲಿಂಗ ಮುಟ್ಟಿ ಹೇಳು" ಎಂದರು. ಮುಟ್ಟಿ ಹೇಳಿದೆ, ಅಳತೆಯಲ್ಲಿ ಬೆರಳಗಲವೂ ತಪ್ಪುವುದಿಲ್ಲ ಎಂದು.

ಅವರೇ ಹಿಂದೂಪುರಕ್ಕೆ ಹೋಗಿ ಅಳೆದು ತಂದ ದಾರ ಈ ಲಕೋಟೆಯಲ್ಲಿದೆ. ದಾರದ ತುದಿಯಿಂದ ಕೆಂಪು ಗಂಟಿನವರೆಗಿನದು ಕಂಬದ ಉದ್ದ, ಹಾಯಿಯ ಅಡಿಯಂಚು ಕಟ್ಟುವ ಅಡ್ಡಮರ ಕೂಡುವ ಜಾಗದಿಂದ ಮೇಲಿನ ರಾಟೆಯವರೆಗೆ ಮಾತ್ರ. ಅಲ್ಲಿಂದ ಕಪ್ಪು ಗಂಟಿನವರೆಗೆ ಅಡ್ಡಮರದ ಉದ್ದ. ಉಳಿದದ್ದು ಆ ಎರಡರ ತುದಿಗಳನ್ನು ಕೂಡಿಸುವ ಓರೆ ಅಂಚು. ಬಳಸಿದ ಬಟ್ಟೆ ಗಾಳಿಗೆ ಜಗ್ಗಿ ಉದ್ದವಾಗುತ್ತದೆಂದು ನೀನೇ ಹೇಳಿದ್ದರಿಂದ ಪ್ರತಿ ಕಡೆಯೂ ಒಂದು ಗೇಣು ಕಡಿಮೆಯದನ್ನೇ ಹುಡುಕು. ಹೊಲಿಗೆ ಬಿಗಿಯಾಗಿರಲಿ. ದೋಣಿ ನಡೆಸುವ ಓಬಳಪ್ಪ ಮಕ್ಕಳೊಂದಿಗ, ಅವನಿಗೆ ಏನೂ ಆಗಬಾರದು. ತಪ್ಪು ಹುಡುಕಿದರೂ ಸಿಗದಂಥ ಹಾಯಿಯಾಗಿರಬೇಕು.

ನಿನ್ನ ಸಾಹುಕಾರರಿಗೆ ನಮ್ಮ ಶರಣು ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು. ಆ ಶಿವ ನಿನ್ನನ್ನು ತಣ್ಣಗಿಟ್ಟಿರಲಿ.

ಇಂತು ನಿನ್ನ ಅಕ್ಕ,
ಗುರುಶಾಂತಮ್ಮ

ಮರೆತಿದ್ದೆ: ನಿನ್ನ ಭಾವನವರು ಇಲ್ಲಿಯವರೆಗೆ ಓದಿ, ಸರಿಯಾಗಿದೆ ಎಂದು ಸ್ನಾನಕ್ಕೆ ಹೋದರು. ಬೇಗ ಬರೆಯುತ್ತೇನೆ. ನಾನು ಲಿಂಗ ಮುಟ್ಟಿದ್ದು ಅಳತೆಗೆ ಮಾತ್ರ. ಹಿಂದೆ ಯಾವ ದೋಣಿಗೆ ಕಟ್ಟಿದ್ದು ಎಂಬ ಮಾತು ಅದರಲ್ಲಿ ಬರಲಿಲ್ಲ. ಮೀನು ಹಿಡಿಯುವವರ ದೋಣಿಯ ಹಾಯಿಯೇ ಆಗಬೇಕು, ವರ್ಷಗಟ್ಟಲೆ ಮೀನೆಣ್ಣೆ ಕುಡಿದದ್ದು, ಬಿಸಿಲು ಬಿದ್ದರೆ ಮೈಲಿ ದೂರಕ್ಕೆ ನಾರುವುದು ಎಂದಿದ್ದೆಯಲ್ಲ, ಅಂಥದು. ಅದನ್ನೇ ಈ ಅಳತೆಗೆ ಕತ್ತರಿಸಿ ಹೊಲಿಸು. ಒಗೆಸಬೇಡ. ಬಿಚ್ಚುವವರೆಗೆ ವಾಸನೆ ತಿಳಿಯದಂತೆ ಕರ್ಪೂರ ತುಂಬಿ ಬಿಗಿಯಾಗಿ ಕಟ್ಟಿ, ನಿಶ್ಚಿತಾರ್ಥದ ಹಿಂದಿನ ದಿನ ಹಿಂದೂಪುರದ ಸ್ಟೇಷನ್ನಿಗೆ ತಲುಪುವಂತೆ ಕಳಿಸು. ನಿಶ್ಚಿತಾರ್ಥದ ದಿನ ಭ್ರಮರಾಂಬನನ್ನು ಕರೆದುಕೊಂಡು ನಾನೂ ಕೆರೆಗೆ ಹೋಗುತ್ತೇನೆ. ಏರಿಯ ಮೇಲೆ ಕೂರುವುದಕ್ಕೆ ನಿನ್ನ ಜಮಖಾನ ತೆಗೆದಿಟ್ಟಿದ್ದೇನೆ.