ನೀರು ಕುಡಿದ ದೋಣಿ

ಹಾರಂಗಿ
೩೦ ಮೇ ೨೦೨೫

ಅವ್ವಾ,

ಇಲ್ಲಿ ನಾವು ಕ್ಷೇಮ ಎಂದು ಬರೆದು, ಹೊಡೆದುಹಾಕಿದೆ. ಫೋನ್ ಮಾಡೋಣವೆಂದರೆ ಒಂದೇ ಕೋಣೆಯ ಮನೆ, ನಿನ್ನ ಅಳಿಯ ಪಕ್ಕದಲ್ಲೇ ಇರುತ್ತಾರೆ. ಅದಕ್ಕೇ ಈ ಕಾಗದ.

ಹೋದ ವರ್ಷ ನಾವು ಹರಿಗೋಲು ಬಿಟ್ಟು, ತೋಟದ ಉತ್ತಯ್ಯನವರ ಹಳೆಯ ಫೈಬರ್ ದೋಣಿ ತಂದಾಗ ನಿನಗೆಷ್ಟು ಸಮಾಧಾನವಾಗಿತ್ತು! ಅದರ ನೆಲದ ಕೆಳಗೆಲ್ಲ ಫೋಮ್ ತುಂಬಿದೆ, ಮಗುಚಿದರೂ ಮುಳುಗುವುದಿಲ್ಲ ಎಂದು ಇವರು ನಿನಗೆ ಹೇಳಿದ್ದರು. ನಾನೂ ನಂಬಿದ್ದೆ.

ಈ ಬೇಸಿಗೆಯಿಂದ ದೋಣಿ ಭಾರವಾಗುತ್ತ ಬಂತು. ಮೊದಲು ನಾವಿಬ್ಬರೇ ದಡಕ್ಕೆ ಎಳೆಯುತ್ತಿದ್ದೆವು, ಆಮೇಲೆ ಪಕ್ಕದವರನ್ನು ಕೂಗಬೇಕಾಯಿತು. ಕಾಲಿಟ್ಟಲ್ಲಿ ನೆಲ ಮೆತ್ತಗೆ ಕುಸಿಯುತ್ತಿತ್ತು. ನಾನು ಹೇಳಿದಾಗಲೆಲ್ಲ, "ಹಳೇ ದೋಣಿ, ಹಂಗೇ ಇರ್ತದೆ. ಫೋಮ್ ಐತಲ್ಲ, ಯಾಕೆ ಹೆದರ್ತೀಯ?" ಎನ್ನುತ್ತಿದ್ದರು.

ಮಂಗಳವಾರ ಬೆಳಿಗ್ಗೆ ಬಲೆ ಎತ್ತಲು ಹೋಗಿದ್ದೆವು. ಮಳೆಗಾಳಿ ಬೀಸುತ್ತಿತ್ತು. ಬಲೆ ನೀರೊಳಗಿನ ಯಾವುದೋ ಮರದ ಬೊಡ್ಡೆಗೆ ಸಿಕ್ಕಿಕೊಂಡಿತು. ಬಿಡಿಸಲು ಇಬ್ಬರೂ ಹಿಂಭಾಗಕ್ಕೆ ಹೋಗಿ ಬಗ್ಗಿದೆವು. ತಗ್ಗಿದ ಹಿಂಭಾಗ ಮತ್ತೆ ಮೇಲೇಳಲಿಲ್ಲ ಅವ್ವಾ. ಒಂದು ಅಲೆ ಸದ್ದಿಲ್ಲದೆ ಅಂಚು ದಾಟಿ ಒಳಗೆ ಬಂತು, ಅದರ ಹಿಂದೆ ಇನ್ನೊಂದು. ಮೀನಿನ ಬುಟ್ಟಿ ಕಣ್ಣೆದುರೇ ತೇಲಿಹೋಯಿತು. ದೋಣಿ ಪೂರ್ತಿ ಮುಳುಗಲೂ ಇಲ್ಲ, ಸರಿಯಾಗಿ ತೇಲಲೂ ಇಲ್ಲ, ಸತ್ತ ಎಮ್ಮೆಯ ಹಾಗೆ ನೀರಿನ ಮಟ್ಟಕ್ಕೆ ಮಲಗಿತು. ಇಬ್ಬರೂ ಹೇಗೋ ಅಂಚು ಹಿಡಿದುಕೊಂಡೆವು. ದೂರದಲ್ಲಿದ್ದ ಹರಿಗೋಲಿನವರು ಬಂದು ನಮ್ಮನ್ನೂ ದೋಣಿಯನ್ನೂ ದಡ ಸೇರಿಸಿದರು.

ಮರುದಿನ ಇವರು ದೋಣಿಯ ತಳದಲ್ಲಿ ಕಂಡ ಬಿರುಕಿಗೆ ಬಳಿಯುವ ಅಂಟು ತರಲು ಕುಶಾಲನಗರಕ್ಕೆ ಹೊರಟರು. ಬಿರುಕು ಮುಚ್ಚಿ ಮತ್ತೆ ಅದರಲ್ಲೇ ಹೋಗುವ ಯೋಚನೆ! ನನ್ನಿಂದ ತಡೆಯಲಾಗಲಿಲ್ಲ. ಗರಗಸ ಹಿಡಿದು ದೋಣಿಯ ನೆಲ ಕೊಯ್ದೆ. ಕೊಯ್ದಲ್ಲಿ ಕಪ್ಪು ನೀರು ಜಿನುಗಿತು, ಕೊಳೆತ ವಾಸನೆ ಬಂತು. ಕೈಹಾಕಿ ಫೋಮ್ ಕಿತ್ತರೆ ಒದ್ದೆ ಕಂಬಳಿಯಷ್ಟು ಭಾರ, ಹಿಂಡಿದರೆ ನೀರು ಮೊಣಕೈವರೆಗೂ ಹರಿಯಿತು. ಒಂದು ತುಂಡನ್ನು ಬಕೆಟ್ಟಿನ ನೀರಿಗೆ ಹಾಕಿದೆ. ತುದಿಯಷ್ಟೇ ಕಾಣುವಂತೆ ಮುಳುಗಿ ನಿಂತಿತು. ನಮ್ಮನ್ನು ತೇಲಿಸಬೇಕಾಗಿದ್ದದ್ದು ಅದು.

ಇವರು ಬಂದು, "ಇದ್ದೊಂದು ದೋಣೀನೂ ಕೊಯ್ದಾಕಿದ್ಯಲ್ಲೇ!" ಎಂದು ಕೂಗಾಡಿದರು. ನಾನು ಒಂದು ತುಂಡನ್ನು ಅವರ ಕೈಗಿಟ್ಟೆ. ಹಿಂಡಿದರು. ಮುಖ ಬಿಳಿಚಿಕೊಂಡಿತು. ಆಮೇಲೆ ಅವರೇ ಗುದ್ದಲಿ ತಂದು ಉಳಿದದ್ದನ್ನೆಲ್ಲ ಅಗೆದು ಹಾಕಿದರು. ಉತ್ತಯ್ಯನವರು ಬಂದು ನೋಡಿ ಇವರಿಗೆ, "ಜವರ, ನೀರು ಕುಡಿಯದ ಗಟ್ಟಿ ಫೋಮ್ ತರಿಸಿ ಹಾಕುವ. ಅಲ್ಲಿವರೆಗೆ ಇದನ್ನ ಇಳಿಸ್ಬೇಡ," ಎಂದು ಹೇಳಿ ಹೋಗಿದ್ದಾರೆ.

ದೋಣಿ ಇಳಿಸುವುದಿಲ್ಲ, ಸರಿ. ಆದರೆ ಬರುವ ವಾರದಿಂದ ಮತ್ತೆ ಹರಿಗೋಲು ಹತ್ತುತ್ತಾರಂತೆ. ಈ ಸಲ ಮಳೆ ಬೇಗನೇ ಹಿಡಿದಿದೆ, ಹೊಳೆಯ ಕೆಂಪು ನೀರು ಜಲಾಶಯಕ್ಕೆ ನುಗ್ಗುತ್ತಿದೆ. ನನ್ನ ಮಾತು ಕೇಳುವುದಿಲ್ಲ. ನಿನ್ನ ಮಾತು ತೆಗೆದುಹಾಕುವುದಿಲ್ಲ. ಹಂಚು ಸರಿಮಾಡಬೇಕು ಎಂತಲೋ, ಮೈ ಸರಿಯಿಲ್ಲ ಎಂತಲೋ ಹೇಳಿ ಇವರನ್ನು ಊರಿಗೆ ಕರೆಸಿಕೊ.

ಹೆದರಿ ಕೂತಿರುವ ನಿನ್ನ ಮಗಳು,
ಸುಮಿತಾ

ತಾ.ಕ.: ಮಡಚಿಟ್ಟ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಇಬ್ಬರೂ ಅಂಚು ಹಿಡಿದುಕೊಂಡೆವು ಎಂದು ಬರೆದದ್ದು ಸುಳ್ಳು. ಇವರ ಕೈ ಜಾರಿತ್ತು. ಇಷ್ಟು ವರ್ಷ ನೀರಿನ ಮೇಲೆಯೇ ಬದುಕಿದ ಇವರಿಗೆ ಈಜು ಬರುವುದಿಲ್ಲ ಅವ್ವಾ. ನನ್ನ ಕುತ್ತಿಗೆ ತಬ್ಬಿ ನನ್ನನ್ನೂ ಕೆಳಕ್ಕೆ ಎಳೆದಾಗಲೇ ನನಗದು ಗೊತ್ತಾದದ್ದು. ನನ್ನ ಒಂದು ಕೈ ದೋಣಿಯ ಅಂಚು ಬಿಡದಿದ್ದರಿಂದ ಉಳಿದೆವು. ದಡದಲ್ಲಿ, "ಯಾರ್ಗೂ ಹೇಳ್ಬೇಡ ಕಣೇ" ಎಂದು ಮಗುವಿನಂತೆ ಅತ್ತರು. ನೀನೂ ಗೊತ್ತಿದ್ದಂತೆ ತೋರಿಸಿಕೊಳ್ಳಬೇಡ. ಕಾಗದ ಸೇರಿದ ತಕ್ಷಣ ಅವರಿಗೆ ಫೋನ್ ಮಾಡು.