ಕೆರೆದಂಡೆಯ ಯೋಗಗುರುಗಳಿಗೆ

ಭಾವನವರಿಗೆ ನಮಸ್ಕಾರ.

ಅಕ್ಕ ನನ್ನ ಮನೆಯಲ್ಲಿದ್ದಾಳೆ. ಎಡಗಾಲಿನ ಮೂಳೆ ಮುರಿದಿದೆ, ಆರು ವಾರ ಪ್ಲಾಸ್ಟರ್. ನೀವು ಕೇಳಲಿಲ್ಲ, ಆದರೂ ತಿಳಿಸುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ ಕೆರೆದಂಡೆಯಲ್ಲಿ ನಿಮ್ಮ ಮೂವತ್ತು ಶಿಷ್ಯರು ಧ್ಯಾನಕ್ಕೆ ಕೂತಿದ್ದರಂತೆ. ಚಾಪೆಗಳ ಹೊರೆ ಹೊತ್ತು ಬರುತ್ತಿದ್ದ ಅಕ್ಕ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದು ಕೂಗಿಕೊಂಡಳು. ಆಗ ತಾವು ಮೈಕಿನಲ್ಲಿ ಅಪ್ಪಣೆ ಕೊಡಿಸಿದ್ದು: “ಯಾರೂ ಕಣ್ಣು ಬಿಡ್ಬೇಡಿ. ಹೊರಗಿನ ಸದ್ದಿಗೆ ಮನಸ್ಸು ಕೊಡ್ಬೇಡಿ.”

ಎಂಥ ಏಕಾಗ್ರತೆ! ಕಟ್ಟಿಕೊಂಡ ಹೆಂಡತಿಯೂ ಹೊರಗಿನ ಸದ್ದು!

ಅವಳನ್ನು ಎತ್ತಿ ಆಸ್ಪತ್ರೆಗೆ ಕರೆದೊಯ್ದದ್ದು ಅಲ್ಲಿ ಕಸ ಗುಡಿಸುವಾಕೆ. ಪುಣ್ಯಕ್ಕೆ ಆಕೆಗೆ ಧ್ಯಾನ ಗೀನ ಬರುವುದಿಲ್ಲ.

ನಿನ್ನೆ ನಿಮ್ಮ ಫೋನ್ ಬಂತು. “ಚಾಪೆ ಇಡೋ ಕೋಣೆ ಬೀಗದ ಕೈ ಎಲ್ಲಿಟ್ಟಿದ್ದೀಯ?” ಎಂದಿರಿ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅಕ್ಕ ಉತ್ತರ ಕೊಡದೆ ಫೋನ್ ಇಟ್ಟಳು. ಅಳುತ್ತಾಳೇನೋ ಎಂದುಕೊಂಡೆ. “ಹಸಿವಾಗ್ತಿದೆ ಕಣೇ, ಊಟಕ್ಕೆ ಏನಿದೆ?” ಅಂದಳು.

ಅವಳ ಕನ್ನಡಕ, ರಕ್ತದೊತ್ತಡದ ಮಾತ್ರೆ, ಬಟ್ಟೆಬರೆ ಯಾರ ಕೈಲಾದರೂ ಕಳುಹಿಸಿ. ತಾವು ದಯಮಾಡಿಸುವುದು ಬೇಡ. “ಇನ್ನೇನಾದ್ರೂ ತರಿಸ್ಲಾ?” ಎಂದು ಎರಡು ಸಲ ಕೇಳಿದೆ. “ಅಷ್ಟೇ ಸಾಕು” ಅಂದಳು.

ಇಂತು,
ಅಕ್ಕನ ತಂಗಿ